ಬಾಡಿಗೆದಾರನ ಬಿಸಿನೀರು

ನೀರು ತುಂಬುವ ಹಬ್ಬ ಕಳೆದು ಧನುರ್ಮಾಸವು ಸಮೀಪಿಸಿತೆಂದರೆ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಪ್ರತಿವರ್ಷವೂ ಒಂದೇ ಬಗೆಯ ದೂರು ಕೇಳಿಬರುತ್ತದೆ. ವಿಜಯನಗರ, ಗೋವಿಂದರಾಜನಗರ, ಮೂಡಲಪಾಳ್ಯ, ಕಾಮಾಕ್ಷಿಪಾಳ್ಯ ಮೊದಲಾದೆಡೆಗಳಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಾಡಿಗೆ ಬಿಡಾರಗಳಲ್ಲಿ ಸಂಸಾರ ಹೂಡಿರುವ ಅಲ್ಪ ಆದಾಯದ ಜನರು, ಬೇಸಗೆಯಲ್ಲಿ ಬಾರದಿದ್ದ ವಿದ್ಯುಚ್ಛಕ್ತಿಯ ಬಿಲ್ಲು ಚಳಿಗಾಲದಲ್ಲಿ ಏಕೆ ಬಂದಿತೆಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಈ ದೂರನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಮೂಲವನ್ನು ಶೋಧಿಸಿದರೆ, ಬಡವರಿಗೆಂದೇ ಏರ್ಪಟ್ಟ ಒಂದು ದೊಡ್ಡ ಯೋಜನೆಯ ಅಳತೆಗೋಲಿನಲ್ಲಿಯೇ ದೋಷವಿರುವುದು ಕಂಡುಬರುತ್ತದೆ. ಆದುದರಿಂದ ಈ ವಿಷಯವನ್ನು ಸರಕಾರದವರ ಮತ್ತು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬೆಂಗಳೂರು ಹಿಮ ಬೀಳುವ ಊರಲ್ಲ; ಕೋಣೆಯನ್ನು ಬೆಚ್ಚಗಿಡಲು ಇಲ್ಲಿನ ಬಡವರು ವಿದ್ಯುತ್ತನ್ನು ವ್ಯಯಮಾಡುವುದಿಲ್ಲವೆಂಬುದು ನಿಜ. ೨೦೨೨ರಲ್ಲಿ ಯುಕ್ರೇನಿನ ಯುದ್ಧದಿಂದ ಅನಿಲದ ಬೆಲೆಯೇರಿದಾಗ, ಮನೆಯನ್ನು ಬೆಚ್ಚಗಿಡುವುದೋ ಹೊಟ್ಟೆಯನ್ನು ತುಂಬಿಸುವುದೋ ಎಂಬ ಸಂಕಟ ಯೂರೋಪಿನ ಬಡ ಸಂಸಾರಗಳಿಗೆ ಒದಗಿತು. ನಮ್ಮಲ್ಲಿ ಅದೇ ಸಂಕಟವು ಸಣ್ಣ ಪ್ರಮಾಣದಲ್ಲಿ ಬಚ್ಚಲಮನೆಯೊಳಗೆ ಅಡಗಿದೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ನಗರದಲ್ಲಿ ೧೮೮೪ನೆಯ ಇಸವಿ ಜನವರಿ ೧೩ರಂದು ಉಷ್ಣತೆಯು ೭.೮ ಡಿಗ್ರಿಗೆ ಇಳಿದಿತ್ತು. ಅಂಥ ಚಳಿ ಅಪರೂಪವಾದರೂ, ಡಿಸೆಂಬರು, ಜನವರಿ ತಿಂಗಳ ಬೆಳಗಿನ ಜಾವದಲ್ಲಿ ಉಷ್ಣತೆಯು ಹದಿನೈದು ಡಿಗ್ರಿಯ ಆಸುಪಾಸಿಗೆ ಬರುವುದು ಸಾಮಾನ್ಯ. ಬೆಳಗ್ಗೆ ಆರು ಗಂಟೆಗೆ ಕಾರ್ಖಾನೆಗೆ ಹೊರಡುವ ಹೆಂಗಸು, ಶಾಲೆಗೆ ಹೋಗುವ ಮಗು, ಕೀಲುನೋವಿನ ಮುದುಕರು ಇವರೆಲ್ಲ ಆ ಹೊತ್ತಿನಲ್ಲಿ ತಣ್ಣೀರಿನಲ್ಲಿ ಮೀಯಲೆಂದು ಹೇಳುವ ಧೈರ್ಯ ನಮಗಿಲ್ಲ.

ಹಿಂದೆ ಈ ಕಾರ್ಯವನ್ನು ಬಚ್ಚಲ ಒಲೆಯೂ ತಾಮ್ರದ ಹಂಡೆಯೂ ನಿರ್ವಹಿಸುತ್ತಿದ್ದವು. ತೆಂಗಿನ ಗರಿ, ಕರಟ, ಮರದ ಹೊಟ್ಟು ಏನು ದೊರೆತರೂ ಒಲೆಗೆ ಸಾಲುತ್ತಿತ್ತು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತುಗಳೆದ್ದು, ಅಂತಸ್ತಿಗೆ ಎರಡು ಸಂಸಾರಗಳು ತುಂಬಿಕೊಂಡಿರುವ ಈ ದಿನಗಳಲ್ಲಿ ಸೌದೆಯನ್ನಿಡಲು ಎಡೆಯಿಲ್ಲ, ಹೊಗೆ ಹೋಗಲು ದಾರಿಯಿಲ್ಲ. ಸೀಮೆಎಣ್ಣೆಯ ಸ್ಟೌವೂ ಮೂಲೆ ಸೇರಿತು. ಉಳಿದುದು ಗೀಜರು, ಅದಕ್ಕೂ ಅನುಕೂಲವಿಲ್ಲದವರಿಗೆ ಬಕೆಟ್ಟಿನಲ್ಲಿ ಮುಳುಗಿಸುವ ವಿದ್ಯುತ್ ಸರಳು. ಆ ಸರಳು ಒದ್ದೆ ನೆಲದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗಬಹುದೆಂಬುದನ್ನು ಎಲ್ಲರೂ ಬಲ್ಲರು; ಬಲ್ಲವರೂ ಗತ್ಯಂತರವಿಲ್ಲದೆ ಅದನ್ನೇ ಬಳಸುತ್ತಾರೆ.

ಇನ್ನು ಲೆಕ್ಕವನ್ನು ನೋಡೋಣ. ಇಪ್ಪತ್ತು ಲೀಟರಿನ ಒಂದು ಬಕೆಟ್ಟು ನೀರನ್ನು ಚಳಿಗಾಲದ ನಲ್ಲಿಯ ಇಪ್ಪತ್ತು ಡಿಗ್ರಿಯಿಂದ ಸ್ನಾನಕ್ಕೆ ತಕ್ಕ ನಲವತ್ತೆರಡು ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ಟು ವಿದ್ಯುತ್ತು ಬೇಕು. ಇದು ಪ್ರಕೃತಿಯ ನಿಯಮ. ಯಾವ ಮಿತವ್ಯಯದಿಂದಲೂ ಇದನ್ನು ತಗ್ಗಿಸಲಾಗದು. ನಾಲ್ವರ ಸಂಸಾರಕ್ಕೆ ದಿನಕ್ಕೆ ಎರಡು ಯೂನಿಟ್ಟು, ತಿಂಗಳಿಗೆ ಅರವತ್ತು ಯೂನಿಟ್ಟು. ದೀಪ, ಪಂಖ, ಅಡಿಗೆಮನೆಯ ಮಿಕ್ಸಿ ಇವು ಯಾವುವೂ ಇದರಲ್ಲಿ ಸೇರಿಲ್ಲ. ಈ ಅರವತ್ತೆಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಶಿವನಸಮುದ್ರದಲ್ಲಿ ೧೯೦೨ರಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ೧೯೦೫ನೆಯ ಇಸವಿ ಆಗಸ್ಟ್ ೫ರಂದು ದೀಪಗಳು ಹೊತ್ತಿದವು. ಅದೇ ತಿಂಗಳಿನ ಅದೇ ತಾರೀಖಿನಂದು, ೧೧೮ ವರ್ಷಗಳ ತರುವಾಯ, ೨೦೨೩ರಲ್ಲಿ ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆಯು ವಿಧಿವತ್ತಾಗಿ ಉದ್ಘಾಟಿತವಾಯಿತು. ತಿಂಗಳಿಗೆ ೨೦೦ ಯೂನಿಟ್ಟುಗಳವರೆಗೆ ಗೃಹಬಳಕೆಯ ವಿದ್ಯುತ್ತು ಉಚಿತವೆಂದು ಸಾರಿದ ಈ ಯೋಜನೆಯಿಂದ ಕೋಟಿಗೂ ಮಿಕ್ಕಿದ ಮನೆಗಳಿಗೆ ಉಪಕಾರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ದಿನಸಿಯ ಬೆಲೆಯೇರಿದ ಕಾಲದಲ್ಲಿ ನೂರಿನ್ನೂರು ರೂಪಾಯಿ ಕೈಯಲ್ಲುಳಿಯುವುದರ ಬೆಲೆ ಏನೆಂಬುದು ಸಂಬಳದ ದಿನವನ್ನೆಣಿಸಿ ಬದುಕುವವರಿಗೇ ಗೊತ್ತು. ನಮ್ಮ ಆಕ್ಷೇಪವು ಯೋಜನೆಯ ಉದ್ದೇಶದ ಮೇಲಲ್ಲ, ಅದರ ಅಳತೆಯ ಮೇಲೆ.

ಆ ಅಳತೆ ಯಾವುದು? ಇನ್ನೂರು ಯೂನಿಟ್ಟೆಂಬುದು ಎಲ್ಲರಿಗೂ ದೊರೆಯುವ ಪಾಲಲ್ಲ. ಅದು ಮೇಲಿನ ಎಲ್ಲೆ ಮಾತ್ರ. ೨೦೨೨-೨೩ನೆಯ ಸಾಲಿನಲ್ಲಿ ಆಯಾ ಮೀಟರಿನಲ್ಲಿ ದಾಖಲಾದ ಬಳಕೆಯ ಮಾಸಿಕ ಸರಾಸರಿಗೆ ಶೇಕಡಾ ಹತ್ತನ್ನು ಸೇರಿಸಿ ಪ್ರತಿಯೊಂದು ಮನೆಯ ಉಚಿತ ಪಾಲನ್ನು ಗೊತ್ತುಮಾಡಲಾಯಿತು. ಪಾಲನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. ಇನ್ನೂರನ್ನು ಮೀರಿದರೆ ಪೂರ್ತಿ ಬಿಲ್ಲಿಗೂ ಹಣ. ಆ ವರ್ಷ ತಿಂಗಳಿಗೆ ೧೫೦ ಯೂನಿಟ್ಟು ಬಳಸಿದ ಅನುಕೂಲಸ್ಥನಿಗೆ ೧೬೫ ಯೂನಿಟ್ಟು ಉಚಿತ. ಮೂವತ್ತು ಯೂನಿಟ್ಟಿನಲ್ಲಿ ದಿನ ನೂಕಿದ ಬಡವನಿಗೆ ಮೊದಲು ಮೂವತ್ತಮೂರು; ೨೦೨೪ರ ಜನವರಿಯಲ್ಲಿ ಮಂತ್ರಿಮಂಡಲವು ೪೮ ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ಟುಗಳನ್ನೇ ಕೊಡಲು ನಿರ್ಧರಿಸಿದ ಮೇಲೆ ನಲವತ್ತು. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗೆ, ರಾಜ್ಯದ ಸರಾಸರಿ ೫೩ ಯೂನಿಟ್ಟೆಂದು ಹಿಡಿದು, ೫೮ ಯೂನಿಟ್ಟು. ನಾಲ್ವರ ಬಿಸಿನೀರಿಗೇ ಅರವತ್ತು ಬೇಕೆಂದು ಮೇಲೆ ಹೇಳಿದೆವಷ್ಟೆ. ಹಾಗಾದರೆ ದೀಪಕ್ಕೆ ಉಳಿಯುವುದೇನು?

ಹೆಚ್ಚು ಬಳಸಿದವನಿಗೆ ಹೆಚ್ಚು ದಾನ, ಕಡಮೆ ಬಳಸಿದವನಿಗೆ ಕಡಮೆ ದಾನವೆಂಬ ಈ ಕ್ರಮವು ಮಿತವ್ಯಯವನ್ನೇ ದಂಡಿಸುತ್ತದೆ. ಅಂದು ಬಡತನದಿಂದ ತಣ್ಣೀರಿನಲ್ಲಿ ಮಿಂದವನು ಇಂದೂ ತಣ್ಣೀರಿನಲ್ಲಿಯೇ ಮೀಯಬೇಕೆಂಬುದು ಇದರ ಫಲಿತಾರ್ಥ. ಬಾಡಿಗೆದಾರನ ವಿಷಯದಲ್ಲಿ ಇದು ಇನ್ನೂ ವಿಚಿತ್ರವಾಗಿ ಪರಿಣಮಿಸುತ್ತದೆ. ಪಾಲು ನಿಂತಿರುವುದು ಮೀಟರಿನ ಹಳೆಯ ಲೆಕ್ಕದ ಮೇಲೆ. ಆ ವರ್ಷ ಆ ಬಿಡಾರದಲ್ಲಿ ಒಬ್ಬಂಟಿಯೊಬ್ಬನು ವಾಸವಾಗಿದ್ದರೆ, ಇಂದು ಅಲ್ಲಿಗೆ ಬಂದ ಐವರ ಸಂಸಾರವು ಅವನ ಪಾಲಿನಲ್ಲಿಯೇ ತೃಪ್ತಿಪಡಬೇಕು. ಮನೆ ಬದಲಾಯಿಸುವವರು ಹಳೆಯ ಮೀಟರಿನಿಂದ ತಮ್ಮ ಆಧಾರ್ ಸಂಖ್ಯೆಯನ್ನು ಬಿಡಿಸಿಕೊಳ್ಳುವ ಸೌಕರ್ಯವನ್ನು ೨೦೨೪ರಲ್ಲಿ ಕಲ್ಪಿಸಿದುದು ಯೋಗ್ಯವೇ. ಆದರೆ ಹೊಸ ಮನೆಯಲ್ಲಿ ದೊರೆಯುವುದು ಹಿಂದಿನವರ ಉಳಿತಾಯದ ಪಾಲೇ ಆದರೆ ಆ ಸೌಕರ್ಯದಿಂದ ಬರುವ ಲಾಭ ಅಲ್ಪ.

ಇವರಿಗಿಂತಲೂ ಹೆಚ್ಚಿನ ಕಷ್ಟದಲ್ಲಿರುವವರು ಸ್ವಂತ ಮೀಟರೇ ಇಲ್ಲದವರು. ಕಟ್ಟಡಕ್ಕೆ ಒಂದೇ ಮೀಟರು. ಒಳಗೆ ಬಿಡಾರಕ್ಕೊಂದು ಉಪಮೀಟರು. ಮಾಲೀಕನು ಯೂನಿಟ್ಟಿಗೆ ಇಷ್ಟೆಂದು ಕೂಡಿಸುವ ಹಣ. ಇಂಥ ಏರ್ಪಾಡು ಹಳೆಯ ಗಲ್ಲಿಗಳಲ್ಲಿ ಇನ್ನೂ ಉಳಿದಿದೆ. ತಲಾ ೮೦ ಯೂನಿಟ್ಟು ಬಳಸುವ ಮೂರು ಸಂಸಾರಗಳು ಒಂದೇ ಮೀಟರಿನಡಿಯಲ್ಲಿವೆಯೆಂದು ಇಟ್ಟುಕೊಳ್ಳೋಣ. ಒಟ್ಟು ೨೪೦ ಯೂನಿಟ್ಟಾಗಿ ಇನ್ನೂರರ ಎಲ್ಲೆ ದಾಟಿತು. ಮೂವರಿಗೂ ಯೋಜನೆಯ ಬಾಗಿಲು ಮುಚ್ಚಿತು. ೨೦೨೫-೨೬ನೆಯ ಸಾಲಿನ ದರದಂತೆ ಯೂನಿಟ್ಟಿಗೆ ೫ ರೂಪಾಯಿ ೮೦ ಪೈಸೆ, ಪಿಂಚಣಿಯ ಬಾಬ್ತು ೩೬ ಪೈಸೆ, ಶೇಕಡಾ ೯ರ ತೆರಿಗೆ, ಕಿಲೋವ್ಯಾಟಿಗೆ ೧೪೫ ರೂಪಾಯಿಯಂತೆ ಮೂರು ಕಿಲೋವ್ಯಾಟಿನ ನಿಗದಿತ ಶುಲ್ಕ ಇವೆಲ್ಲ ಕೂಡಿ ಸುಮಾರು ೨,೦೦೦ ರೂಪಾಯಿಗಳಾಗುತ್ತವೆ. ಅದೇ ಮೂರು ಸಂಸಾರಗಳಿಗೆ ಪ್ರತ್ಯೇಕ ಮೀಟರುಗಳಿದ್ದು, ಹೊಸ ಮನೆಯ ೫೮ ಯೂನಿಟ್ಟುಗಳಷ್ಟೇ ದೊರೆತಿದ್ದರೂ, ಅವರು ತಲಾ ಇಪ್ಪತ್ತೆರಡು ಯೂನಿಟ್ಟುಗಳಿಗೆ ಮಾತ್ರ ಹಣ ತೆರುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಪ್ರತ್ಯೇಕ ಮೀಟರನ್ನು ಹಾಕಿಸಿಕೊಳ್ಳಬಾರದೇಕೆಂದು ಅಧಿಕಾರಿಗಳು ಕೇಳಬಹುದು. ಅರ್ಜಿಯನ್ನು ಸಲ್ಲಿಸಬೇಕಾದವನು ಮಾಲೀಕ. ಲಾಭ ಪಡೆಯುವವನು ಬಾಡಿಗೆದಾರ. ಬಾಡಿಗೆಗೆ ಕೊಟ್ಟ ಮನೆಯ ಆಸ್ತಿ ತೆರಿಗೆಯ ದರವು ಸ್ವಂತ ವಾಸದ ಮನೆಗಿಂತ ಹೆಚ್ಚಾಗಿರುವುದರಿಂದ, ಬಾಡಿಗೆಯ ಕರಾರುಪತ್ರವನ್ನು ಬರೆದುಕೊಡಲು ಕೆಲವರು ಹಿಂಜರಿಯುವುದುಂಟು. ಇದರ ಮೇಲೆ ಸ್ವಾಧೀನಪತ್ರವಿಲ್ಲದ ಕಟ್ಟಡಗಳ ಸಮಸ್ಯೆ. ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪನ್ನನುಸರಿಸಿ, ೨೦೨೫ರಲ್ಲಿ ಅಂಥ ಕಟ್ಟಡಗಳಿಗೆ ಹೊಸ ಸಂಪರ್ಕ ಕೊಡುವುದು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ೧,೨೦೦ ಚದರಡಿಯವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಸರಕಾರವು ವಿನಾಯಿತಿಯನ್ನಿತ್ತುದು ಸ್ವಾಗತಾರ್ಹ. ಕಟ್ಟಡದ ನಿಯಮಗಳನ್ನು ಪಾಲಿಸಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಕಟ್ಟಿದವನ ತಪ್ಪಿಗೆ ಒಳಗೆ ವಾಸಿಸುವವನು ತಿಂಗಳು ತಿಂಗಳೂ ದಂಡ ತೆರುವುದು ನ್ಯಾಯವೆನಿಸದು.

ಇನ್ನು ಸೂರ್ಯನ ಮಾತು. ಸೌರ ಜಲತಾಪಕಗಳು ದೇಶದಲ್ಲಿ ಅತ್ಯಧಿಕವಾಗಿ ಹಬ್ಬಿರುವ ನಗರಗಳಲ್ಲಿ ಬೆಂಗಳೂರೂ ಒಂದು. ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ಪಡೆಯಬೇಕಾದರೆ ಇವನ್ನು ಅಳವಡಿಸಬೇಕೆಂಬ ನಿಯಮವು ೨೦೦೭ರಿಂದ ಜಾರಿಗೆ ಬಂದಿತು. ಅಳವಡಿಸಿದವರಿಗೆ ಯೂನಿಟ್ಟಿಗೆ ೫೦ ಪೈಸೆಯಂತೆ ತಿಂಗಳಿಗೆ ೫೦ ರೂಪಾಯಿಯವರೆಗೆ ರಿಯಾಯಿತಿಯೂ ಗೊತ್ತಾಯಿತು. ನೂರು ಲೀಟರಿನ ಒಂದು ಜಲತಾಪಕದಿಂದ ವರ್ಷಕ್ಕೆ ಸುಮಾರು ೧,೫೦೦ ಯೂನಿಟ್ಟುಗಳವರೆಗೆ ಉಳಿತಾಯವಾಗಬಹುದೆಂದು ಹೇಳಲಾಗುತ್ತದೆ. ವಿಜಯನಗರದ ಮೆಟ್ರೋ ನಿಲ್ದಾಣದ ಮೇಲ್ಗಟ್ಟೆಯಲ್ಲಿ ನಿಂತು ನೋಡುವವರಿಗೆ ಸುತ್ತಣ ಮಾಳಿಗೆಗಳ ಮೇಲೆ ಈ ಕೊಳವೆಗಳ ಸಾಲು ಕಾಣದಿರದು. ಆದರೆ ಮಾಳಿಗೆಯ ಮೇಲಿನ ಬಿಸಿನೀರು ಅನೇಕ ಕಡೆಗಳಲ್ಲಿ ಮಾಲೀಕನ ಅಂತಸ್ತಿಗೆ ಮಾತ್ರ ಇಳಿಯುತ್ತದೆ. ಕೆಳಗಿನ ಬಿಡಾರಗಳಿಗೆ ಕೊಳವೆಯ ಜೋಡಣೆಯಿಲ್ಲ. ನಿಯಮವು ಕಟ್ಟಡವನ್ನು ನೋಡಿತು, ಅದರೊಳಗಿನ ಒಲೆಗಳನ್ನು ಎಣಿಸಲಿಲ್ಲ. ಹೀಗಾಗಿ ಬಿಸಿಲು ಧಾರಾಳವಾಗಿರುವ ಊರಿನಲ್ಲಿ, ಖರ್ಚು ತಡೆಯಲಾರದವನೇ ಅತ್ಯಂತ ದುಬಾರಿಯಾದ ಮಾರ್ಗದಿಂದ ನೀರು ಕಾಯಿಸುವಂತಾಗಿದೆ. ರಾಜ್ಯದ ವಿದ್ಯುತ್ ಜಾಲಕ್ಕೂ ಇದರಿಂದ ಹಿತವಿಲ್ಲ. ಚಳಿಗಾಲದ ಮುಂಜಾನೆ ಎಲ್ಲ ಮನೆಗಳ ಗೀಜರುಗಳೂ ಒಮ್ಮೆಲೇ ಉರಿಯುವಾಗ ಸೌರ ವಿದ್ಯುತ್ತು ಇನ್ನೂ ಕೈಗೆ ಬಂದಿರುವುದಿಲ್ಲ.

ಉಚಿತ ವಿದ್ಯುತ್ತಿಗಾಗಿ ಬೊಕ್ಕಸವು ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಗಳನ್ನು ತೆರುತ್ತಿರುವಾಗ ಇನ್ನೂ ಹೆಚ್ಚು ಕೇಳುವುದು ಉಚಿತವೇ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಕ್ಕೆ ಬಲವಿದೆ. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ನಾವು ಕೇಳುತ್ತಿರುವುದು ಹೆಚ್ಚಿನ ಹಣವನ್ನಲ್ಲ, ಇರುವ ಹಣದ ನ್ಯಾಯವಾದ ಹಂಚಿಕೆಯನ್ನು. ೧೬೫ ಯೂನಿಟ್ಟು ಉಚಿತವಾಗಿ ಪಡೆಯುವವನಿಗೂ ನಲವತ್ತನ್ನು ಪಡೆಯುವವನಿಗೂ ನಡುವಣ ಅಂತರವನ್ನು ತಗ್ಗಿಸಿದರೆ, ಬೊಕ್ಕಸಕ್ಕೆ ಹೊಸ ಭಾರವಿಲ್ಲದೆಯೇ ಬಹಳಷ್ಟು ಕಾರ್ಯವಾದೀತು.

ಆದುದರಿಂದ ನಾಲ್ಕು ಸಲಹೆಗಳನ್ನು ಸರಕಾರದ ಮುಂದಿಡುತ್ತೇವೆ. ಮೊದಲನೆಯದಾಗಿ, ಹಳೆಯ ಬಳಕೆಯ ಸರಾಸರಿಯನ್ನು ಬಿಟ್ಟು, ಮನೆಯಲ್ಲಿರುವ ಜನಸಂಖ್ಯೆಯನ್ನು ನೋಡಿ ಎಲ್ಲ ಸಣ್ಣ ಬಳಕೆದಾರರಿಗೂ ಒಂದು ಸಮಾನವಾದ ಕನಿಷ್ಠ ಪಾಲನ್ನು ಗೊತ್ತುಮಾಡಬೇಕು. ಎರಡನೆಯದಾಗಿ, ಪಾಲನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿಹಾಕದೆ ವರ್ಷದ ಲೆಕ್ಕದಲ್ಲಿಟ್ಟು, ಬೇಸಗೆಯಲ್ಲಿ ಉಳಿಸಿದ ಯೂನಿಟ್ಟುಗಳನ್ನು ಚಳಿಗಾಲದಲ್ಲಿ ಬಳಸಲು ಅವಕಾಶ ಕೊಡಬೇಕು. ಮೂರನೆಯದಾಗಿ, ಉಪಮೀಟರಿನಡಿಯ ಸಂಸಾರಗಳನ್ನು ಬೆಸ್ಕಾಂ ಸಿಬ್ಬಂದಿಯಿಂದ ಎಣಿಕೆ ಮಾಡಿಸಿ, ಪ್ರತ್ಯೇಕ ಮೀಟರು ಸಾಧ್ಯವಾಗುವವರೆಗೆ ಒಂದೊಂದು ಒಲೆಗೂ ಒಂದೊಂದು ಪಾಲನ್ನು ಲೆಕ್ಕಹಾಕಬೇಕು. ನಾಲ್ಕನೆಯದಾಗಿ, ಸೌರ ಜಲತಾಪಕದ ರಿಯಾಯಿತಿಯನ್ನು, ಬಾಡಿಗೆಯ ಬಿಡಾರಗಳಿಗೂ ಬಿಸಿನೀರಿನ ಕೊಳವೆಯನ್ನು ಇಳಿಸಿರುವ ಮಾಲೀಕರಿಗೆ ಹೆಚ್ಚಾಗಿ ಕೊಡಬೇಕು.

ಮನೆಯ ಮಾಲೀಕರಿಗೂ ಒಂದು ಮಾತನ್ನು ಹೇಳದೆ ಮುಗಿಸಲಾರೆವು. ಅವರಲ್ಲಿ ಅನೇಕರು ಇದೇ ಬಡಾವಣೆಯಲ್ಲಿ ಒಂದು ಕಾಲಕ್ಕೆ ಬಾಡಿಗೆಯ ಕೋಣೆಯಲ್ಲಿದ್ದು, ಉಳಿಸಿ ಕಟ್ಟಿ ಮೇಲೆ ಬಂದವರು. ಕರಾರುಪತ್ರಕ್ಕೆ ಒಂದು ರುಜು, ಕೆಳಗಿನ ಬಿಡಾರಕ್ಕೆ ಒಂದು ಕೊಳವೆ, ಇವುಗಳಿಂದ ಅವರಿಗಾಗುವ ನಷ್ಟ ಅತ್ಯಲ್ಪ; ಬಾಡಿಗೆದಾರನಿಗಾಗುವ ಲಾಭ ಮಾತ್ರ ತಿಂಗಳ ಅಕ್ಕಿಯ ಬೆಲೆಯಷ್ಟಿರಬಹುದು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಬಡವನಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವನ ಹಾಸಿಗೆಯ ಅಳತೆಯನ್ನು ಗೊತ್ತುಮಾಡಿದವರು, ಅಳೆಯುವಾಗ ಎಲ್ಲಿ ತಪ್ಪಿದೆವೆಂಬುದನ್ನು ಮುಂದಿನ ಚಳಿಗಾಲಕ್ಕೆ ಮುಂಚೆ ಪರಿಶೀಲಿಸುವರೆಂದು ನಂಬುತ್ತೇವೆ.