ಎಳೆಯರ ಶಿಕ್ಷಣದಲ್ಲಿ ಚಿತ್ರಕಲೆಯ ಸ್ಥಾನ

ಪ್ರಾಥಮಿಕ ಶಾಲೆಯ ವೇಳಾಪತ್ರಿಕೆಯಲ್ಲಿ ಚಿತ್ರಕಲೆಗೆಂದು ಬರೆದಿರುವ ಅವಧಿಯು ಎಷ್ಟೋ ಶಾಲೆಗಳಲ್ಲಿ ಶನಿವಾರದ ಕೊನೆಗೆ ಬೀಳುತ್ತದೆ. ಗಣಿತದ ಪಾಠ ಹಿಂದೆ ಬಿದ್ದಿದ್ದರೆ ಆ ಅವಧಿಯು ಗಣಿತಕ್ಕೆ ಸಲ್ಲುತ್ತದೆ. ಮೇಲಧಿಕಾರಿಗಳ ಭೇಟಿ ಸಮೀಪಿಸಿದ್ದರೆ ಅಂಗಳದ ಕಸ ತೆಗೆಯುವುದಕ್ಕೆ ಸಲ್ಲುತ್ತದೆ. ಇವೆರಡೂ ಇಲ್ಲದ ದಿನ ಶಿಕ್ಷಕರು ಕರಿಹಲಗೆಯ ಮೇಲೆ ಒಂದು ಮಾವಿನಹಣ್ಣನ್ನೋ, ಗಿಳಿಯನ್ನೋ, ಎರಡು ಗುಡ್ಡಗಳ ನಡುವೆ ಮೂಡುವ ಸೂರ್ಯನನ್ನೋ ಬರೆದು, ಅದರಂತೆಯೇ ತೆಗೆಯಬೇಕೆಂದು ಹೇಳಿ, ಹಾಜರಿ ಪುಸ್ತಕ ತುಂಬಲು ಕುಳಿತುಕೊಳ್ಳುತ್ತಾರೆ. ನಲವತ್ತು ಮಕ್ಕಳ ನಲವತ್ತು ಪುಸ್ತಕಗಳಲ್ಲಿ ಒಂದೇ ಗಿಳಿ ಕುಳಿತಿರುತ್ತದೆ. ಹಲಗೆಯ ಗಿಳಿಗೆ ಯಾವುದು ಹೆಚ್ಚು ಹತ್ತಿರವೋ ಅದಕ್ಕೆ ಹೆಚ್ಚು ಅಂಕ. ಇದನ್ನು ಚಿತ್ರಕಲೆಯ ಶಿಕ್ಷಣವೆಂದು ಕರೆಯುವುದು ಉಕ್ತಲೇಖನವನ್ನು ಕಾವ್ಯವೆಂದು ಕರೆದಂತೆ.

ಇದೇ ವಿದ್ಯಾರ್ಥಿಯು ಉತ್ತರ ಕರ್ನಾಟಕದ ಹಳ್ಳಿಯವನಾಗಿದ್ದರೆ, ಶಾಲೆ ಆರಂಭವಾದ ಕೆಲವು ವಾರಗಳಲ್ಲಿಯೇ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವನು ಮನೆಯಲ್ಲಿ ಏನು ಮಾಡುತ್ತಾನೆಂಬುದನ್ನು ಗಮನಿಸಬೇಕು. ಕೆರೆಯ ದಂಡೆಯಿಂದಲೋ ಹೊಲದಿಂದಲೋ ಮಣ್ಣು ತಂದು, ನಾದಿ, ಹದಮಾಡಿ, ಒಂದು ಜೊತೆ ಎತ್ತುಗಳನ್ನೂ ಅವುಗಳ ಮುಂದಿಡಲು ಗೋದಲಿಯನ್ನೂ ಮಾಡುತ್ತಾನೆ. ಡುಬ್ಬ ಎಲ್ಲಿ ಏಳಬೇಕು, ಗಂಗೆದೊಗಲು ಎಲ್ಲಿಯವರೆಗೆ ಇಳಿಯಬೇಕು ಎಂಬುದು ಅವನ ಬೆರಳಿಗೆ ಗೊತ್ತಿದೆ. ಕಿಲಾರಿ ಎತ್ತಿನ ಕೋಡು ಹಿಂದಕ್ಕೆ ಬಾಗಿ ಮೇಲೇರುವುದನ್ನೂ ಕೃಷ್ಣಾ ತೀರದ ತಳಿಯ ಕೋಡು ಗಿಡ್ಡಾಗಿರುವುದನ್ನೂ ಅವನಿಗೆ ಯಾರೂ ಪಾಠ ಮಾಡಿ ಹೇಳಿಲ್ಲ. ಎತ್ತನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಕಣ್ಣು ಕಂಡದ್ದನ್ನು ಕೈ ನೆನಪಿಟ್ಟುಕೊಂಡಿದೆ. ಮರುದಿನ ಶಾಲೆಗೆ ಬಂದರೆ ಹಲಗೆಯ ಮೇಲೆ ಒಂದು ಎತ್ತು ನಿಂತಿರುತ್ತದೆ. ಅದು ಕಿಲಾರಿಯೂ ಅಲ್ಲ, ಕೃಷ್ಣಾ ತೀರದ್ದೂ ಅಲ್ಲ, ಯಾವುದೋ ಪುಸ್ತಕದಿಂದ ಇಳಿದು ಬಂದದ್ದು. ತನ್ನ ಎತ್ತನ್ನು ಮರೆತು ಆ ಎತ್ತನ್ನು ತೆಗೆದವನಿಗೆ ‘ಶಾಭಾಸ್’ ಸಿಗುತ್ತದೆ. ಈಚೆಗೆ ಮಣ್ಣಿನ ಎತ್ತುಗಳನ್ನೂ ಪೇಟೆಯಿಂದ ಕೊಂಡು ತರುವ ಮನೆಗಳು ಹೆಚ್ಚುತ್ತಿರುವುದರಿಂದ ಆ ಒಂದು ದಿನದ ಶಿಕ್ಷಣವೂ ಮಗುವಿನ ಕೈತಪ್ಪುತ್ತಿದೆ. ಹಾಗಿರುವಾಗ ಶಾಲೆಯ ಹೊಣೆ ಇನ್ನಷ್ಟು ಹೆಚ್ಚಲಿಲ್ಲವೆ?

ನೋಡಿ ನಕಲು ಮಾಡಿಸುವ ಪದ್ಧತಿ ಕೇವಲ ಸೋಮಾರಿತನದಿಂದ ಹುಟ್ಟಿದುದಲ್ಲ. ಹಿಂದಿನ ಮುಂಬಯಿ ಪ್ರಾಂತದಲ್ಲಿ ಚಿತ್ರಕಲೆಯು ಶಾಲೆಗಳಿಗೆ ಬಂದುದು ಬಹುಮಟ್ಟಿಗೆ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳ ಮೂಲಕ. ವಸ್ತುಚಿತ್ರ, ಸ್ಮರಣಚಿತ್ರ, ನಕಾಸೆ, ರೇಖಾಗಣಿತ ಇವುಗಳಿಂದ ಕೈಗೆ ನಿಖರತೆ ಬರಬೇಕೆಂಬುದು ಅವುಗಳ ಗುರಿ. ಪ್ರೌಢಶಾಲೆಯ ವಯಸ್ಸಿಗೆ ಆ ಶಿಸ್ತು ಒಳ್ಳೆಯದೇ. ಧಾರವಾಡದಲ್ಲಿ ಡಿ. ವ್ಹಿ. ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಕಲಾಶಾಲೆಗಳನ್ನು ಕಟ್ಟಿ ಈ ಭಾಗದ ಶಾಲೆಗಳಿಗೆ ಚಿತ್ರಕಲಾ ಶಿಕ್ಷಕರನ್ನು ತಯಾರಿಸಿ ಕೊಟ್ಟ ಉಪಕಾರವನ್ನು ಈ ನಾಡು ಮರೆಯಲಾಗದು. ಆದರೆ ಹದಿನಾಲ್ಕು ವರ್ಷದವನಿಗೆ ಹೊಲಿದ ಅಂಗಿಯನ್ನು ಮಡಿಸಿ ಆರು ವರ್ಷದ ಮಗುವಿಗೆ ತೊಡಿಸಿದುದರಲ್ಲಿ ಎಡವಟ್ಟಾಗಿದೆ.

ಆರು ವರ್ಷದ ಮಗುವಿನ ಚಿತ್ರಕ್ಕೆ ತನ್ನದೇ ಆದ ವ್ಯಾಕರಣವಿದೆ. ಅದು ಬರೆದ ಮನೆಯ ಗೋಡೆಯ ಮೂಲಕ ಒಳಗೆ ರೊಟ್ಟಿ ಬಡಿಯುತ್ತಿರುವ ಅವ್ವ ಕಾಣುತ್ತಾಳೆ. ಅವ್ವನ ಕೈ ಒಲೆಗಿಂತಲೂ ದೊಡ್ಡದಾಗಿರುತ್ತದೆ. ಬಂಡಿಯ ಎರಡು ಗಾಲಿಗಳೂ ಒಂದೇ ಬದಿಗೆ ಬಂದಿರುತ್ತವೆ. ದಾರಿಯ ಎರಡೂ ಕಡೆಯ ಮರಗಳು ಹೊರಕ್ಕೆ ಮಲಗಿರುತ್ತವೆ. ಇವನ್ನು ತಪ್ಪೆಂದು ತಿಳಿದು ಕೆಂಪು ಗೀಟು ಎಳೆಯುವ ಶಿಕ್ಷಕರಿದ್ದಾರೆ. ಮಗು ಕಣ್ಣಿಗೆ ಕಾಣುವುದನ್ನಲ್ಲ, ತನಗೆ ತಿಳಿದಿರುವುದನ್ನು ಬರೆಯುತ್ತದೆಂಬುದನ್ನು ಫ್ರಾನ್ಸಿನ ವಿದ್ವಾಂಸ ಲ್ಯೂಕೆ 1927ರಷ್ಟು ಹಿಂದೆಯೇ ವಿವರಿಸಿದನು. ಬಂಡಿಗೆ ಎರಡು ಗಾಲಿಗಳಿರುವುದು ನಿಜ. ಆದುದರಿಂದ ಎರಡನ್ನೂ ತೋರಿಸಬೇಕು. ಅವ್ವ ಒಳಗಿರುವುದೂ ನಿಜ. ಗೋಡೆ ಅಡ್ಡ ಬಂದರೆ ಅದು ಗೋಡೆಯ ಅಪರಾಧ! ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮಕ್ಕಳ ಚಿತ್ರಗಳು ವಯಸ್ಸಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುವ ಬಗೆಯನ್ನು ತೋರಿಸಿ, ಮಗುವಿಗೆ ಯಾವುದು ಮುಖ್ಯವೋ ಅದು ಚಿತ್ರದಲ್ಲಿ ದೊಡ್ಡದಾಗುತ್ತದೆಂದು ಗುರುತಿಸಿದನು. ರೊಟ್ಟಿ ಬಡಿಯುವ ಕೈ ದೊಡ್ಡದಾದುದು ಇದೇ ಕಾರಣಕ್ಕೆ. ಅದಕ್ಕೆ ಗೀಟು ಎಳೆದವರು ಮಗುವಿನ ಮಾತನ್ನೇ ಅರ್ಧಕ್ಕೆ ತಡೆದಂತಾಯಿತು.

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೆ? ವಿಯೆನ್ನಾ ನಗರದಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬ ಕಲಾವಿದನು 1897ರಲ್ಲಿ ಮಕ್ಕಳಿಗಾಗಿ ಕಲಾತರಗತಿ ತೆರೆದು, ಮಕ್ಕಳ ಕಲೆಗೆ ದೊಡ್ಡವರ ಕಲೆಯಿಂದ ಬೇರೆಯಾದ ಬೆಲೆಯುಂಟೆಂದು ಸಾರಿದ ಮೇಲೆ, ಏನನ್ನೂ ಕಲಿಸದಿರುವುದೇ ಶ್ರೇಷ್ಠ ಶಿಕ್ಷಣವೆಂದು ವಾದಿಸುವವರೂ ಹುಟ್ಟಿಕೊಂಡರು. ಈ ವಾದವು ಒಂದನೆಯ, ಎರಡನೆಯ ಇಯತ್ತೆಯವರೆಗೆ ಹೇಗೋ ನಡೆದೀತು. ಒಂಬತ್ತು ಹತ್ತು ವರ್ಷಕ್ಕೆ ಬರುವಷ್ಟರಲ್ಲಿ ಮಗು ತನ್ನ ಚಿತ್ರವನ್ನು ತಾನೇ ಪರೀಕ್ಷಿಸತೊಡಗುತ್ತದೆ. ಕುದುರೆ ಕುದುರೆಯಂತೆ ಕಾಣುತ್ತಿಲ್ಲವೆಂಬ ಅಸಮಾಧಾನ ಅದಕ್ಕೆ ಮೊದಲ ಬಾರಿಗೆ ಉಂಟಾಗುತ್ತದೆ. ‘ನನಗೆ ಚಿತ್ರ ತೆಗೆಯಲು ಬರುವುದಿಲ್ಲ’ ಎಂಬ ಮಾತು ಕೇಳಿಬರುವುದು ಈ ವಯಸ್ಸಿನಲ್ಲಿಯೇ. ಹೆಚ್ಚಿನವರು ಅದನ್ನು ಮುಪ್ಪಿನವರೆಗೂ ಹೇಳುತ್ತಲೇ ಇರುತ್ತಾರೆ. ಶಿಕ್ಷಕರ ಸಹಾಯ ಬೇಕಾದುದು ಆಗ. ಆ ಸಹಾಯವಾದರೂ ಹಲಗೆಯ ಮೇಲಿನ ಕುದುರೆಯಲ್ಲ. ಮೇಜಿನ ಮೇಲೆ ಒಂದು ಹಿತ್ತಾಳೆಯ ತಂಬಿಗೆಯನ್ನಿಟ್ಟು, ಮೇಲಿನಿಂದ ನೋಡಿದಾಗ ದುಂಡಗಿದ್ದ ಅದರ ಬಾಯಿ ಕಣ್ಣಿನ ಮಟ್ಟಕ್ಕೆ ಬಂದಾಗ ಹೇಗೆ ಗೆರೆಯಾಗುತ್ತದೆಂದು ಮಕ್ಕಳಿಂದಲೇ ಹೇಳಿಸಬೇಕು. ಒಂದು ಹುಣಸೆಯ ಟೊಂಗೆಯನ್ನು ಕೈಗೆ ಕೊಟ್ಟು, ಎಲೆಗಳು ಜೋಡಿಯಾಗಿ ಬರುತ್ತವೆಯೋ ಒಂದಾದ ಮೇಲೊಂದು ಬರುತ್ತವೆಯೋ ಎಂದು ಕೇಳಬೇಕು. ಊರಿನ ತೇರಿನ ಮನೆಗೆ ಕರೆದೊಯ್ದು, ತೇರಿನ ಅಡಿಯ ಮರದಲ್ಲಿ ಬಡಿಗೇರ ಕೆತ್ತಿದ ಆನೆ ಕುದುರೆಗಳ ಮುಂದೆ ಅರ್ಧ ತಾಸು ಕೂರಿಸಿದರೆ ಒಂದು ತಿಂಗಳ ಪಾಠವಾದೀತು. ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುವ ಸಾವಿರಾರು ಜನರಲ್ಲಿ ಆ ಕೆತ್ತನೆಯನ್ನು ಕಂಡವರೆಷ್ಟು ಮಂದಿ?

ನಮ್ಮ ದೇಶದಲ್ಲಿ ಈ ದಾರಿ ಹೊಸದಲ್ಲ. 1919ರಲ್ಲಿ ಆರಂಭವಾದ ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬೋಸರು ಪ್ರಕೃತಿಯ ಅವಲೋಕನವನ್ನೇ ಶಿಕ್ಷಣದ ಬುನಾದಿಯಾಗಿಸಿದರು. ಅಲ್ಲಿ ಕಲಿತ ದೇವೀಪ್ರಸಾದರು ಗಾಂಧೀಜಿಯವರ ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲಿ ಹಳ್ಳಿಯ ಮಕ್ಕಳಿಗೆ ವರ್ಷಗಟ್ಟಲೆ ಕಲೆಯನ್ನು ಕಲಿಸಿ, ಆ ಅನುಭವವನ್ನು ಗ್ರಂಥರೂಪಕ್ಕೂ ತಂದರು.

ಸರಕಾರದ ಮಟ್ಟದಲ್ಲಿ ಮಾತಿಗೇನೂ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯು ಶಾಲೆಯ ಎಲ್ಲ ಹಂತಗಳಲ್ಲಿಯೂ ಒಂದು ವಿಷಯವಾಗಿರಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿಯು ಪಾಠಗಳೊಡನೆ ಕಲೆಯನ್ನು ಬೆರೆಸಬೇಕೆಂದಿತು. ಈ ಎರಡನೆಯ ಮಾತಿನಲ್ಲಿ ಒಂದು ಅಪಾಯವೂ ಅಡಗಿದೆ: ವಿಜ್ಞಾನದ ತಕ್ತೆಗೆ ಬಣ್ಣ ಹಚ್ಚಿದೊಡನೆ ಕಲೆಯ ಕೆಲಸ ಮುಗಿಯಿತೆಂದು ತಿಳಿಯುವ ಶಾಲೆಗಳು, ಕಲೆಯನ್ನು ಇತರ ವಿಷಯಗಳ ಮನೆಯ ಆಳಾಗಿಸಿಬಿಡುತ್ತವೆ. ಇನ್ನು ಶಿಕ್ಷಕರ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೇಳುವುದು 6ರಿಂದ 8ನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100ನ್ನು ಮೀರಿದಲ್ಲಿ. ಮೊದಲ ಐದು ತರಗತಿಗಳಿಗೆ, ಎಂದರೆ ಮಗುವು ಉಸಿರಾಡಿದಷ್ಟು ಸಹಜವಾಗಿ ಚಿತ್ರ ಬರೆಯುವ ವಯಸ್ಸಿಗೆ, ಯಾರನ್ನೂ ಹೇಳಿಲ್ಲ. ಅಲ್ಲಿ ತರಗತಿಯ ಗುರುಗಳೇ ಗತಿ.

ಇದರಿಂದ ಎದೆಗುಂದಬೇಕಾದುದಿಲ್ಲ. ‘ಚಿತ್ರ ಬರೆಯಲು ತಮಗೇ ಬರುವುದಿಲ್ಲ, ಮಕ್ಕಳಿಗೇನು ಕಲಿಸುವುದು’ ಎಂದು ಹಿಂಜರಿಯುವ ಗುರುಮಾತೆಯರೇ ಈ ಕೆಲಸಕ್ಕೆ ಎಷ್ಟೋ ವೇಳೆ ಹೆಚ್ಚು ತಕ್ಕವರು. ಏಕೆಂದರೆ ಅವರು ಹಲಗೆಯ ಮೇಲೆ ಮಾದರಿ ಬರೆಯಲು ಹೋಗುವುದಿಲ್ಲ. ನಿನ್ನೆಯ ಸಂತೆಯಲ್ಲಿ ಏನು ಕಂಡಿರೆಂದು ಕೇಳಿ, ಮಕ್ಕಳ ಬಾಯಲ್ಲಿ ಸಂತೆ ತುಂಬಿದ ಮೇಲೆ ಕಾಗದ ಹಂಚಿದರೆ ಸಾಕು. ಬರೆದು ಮುಗಿಸಿದ ಮಗುವಿನ ಪಕ್ಕದಲ್ಲಿ ಕುಳಿತು, ಇದು ಏನೆಂದು ಕೇಳುವುದಕ್ಕಿಂತ, ಇದರ ಕಥೆ ಹೇಳೆಂದು ಕೇಳಿದರೆ ಇನ್ನೂ ಒಳ್ಳೆಯದು. ಅಂಕ ಬೇಡ. ಹಿಂದೆ ಹೆಸರು, ತಾರೀಖು ಬರೆದು ಪ್ರತಿ ಮಗುವಿನ ಚಿತ್ರಗಳನ್ನು ಒಂದು ಚೀಲದಲ್ಲಿ ಕೂಡಿಸಿಟ್ಟು, ಐದನೆಯ ತರಗತಿಯ ಕೊನೆಗೆ ತಂದೆತಾಯಿಗಳ ಮುಂದೆ ಬಿಚ್ಚಿ ತೋರಿಸಬಹುದು.

ಸಾಮಗ್ರಿಯ ಕೊರತೆಯ ಮಾತನ್ನು ಮಾತ್ರ ಯಾರೂ ಎತ್ತಬಾರದು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನಿಂದ ಬಿಳಿಯನ್ನೂ ಹುರಿದ ಅಕ್ಕಿಯಿಂದ ಕಪ್ಪನ್ನೂ ಗುರಿಗೆ ಕಾಯಿಯಿಂದ ಹಳದಿಯನ್ನೂ ತೆಗೆದು, ಪುಂಡಿಯ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನದ ಮಂಟಪಗಳಿಗೆ ನಂದಲಾಲರು ಹಳ್ಳಿಯ ಜೀವನದ ಚಿತ್ರಗಳನ್ನು ಬರೆದುದೂ ಮಣ್ಣಿನ ಬಣ್ಣಗಳಿಂದಲೇ. ಶಾಲೆಯಲ್ಲಿ ಕೆಮ್ಮಣ್ಣು, ಇದ್ದಿಲು, ಅರಿಷಿಣಗಳನ್ನು ಅರೆದು ಜಾಲಿಯ ಅಂಟು ಬೆರೆಸಿದರೆ ಮೂರು ಬಣ್ಣಗಳಾದವು. ಅರಿಷಿಣವು ಬಿಸಿಲಿಗೆ ಮಾಸುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿ ಕಂಡ ಮಕ್ಕಳಿಗೆ ಇದೂ ಗೊತ್ತು. ಸುಣ್ಣವನ್ನು ಮಾತ್ರ ಎಳೆಯ ಕೈಗಳಿಗೆ ಕೊಡಬಾರದು. ಕಾಗದವು ಬರೆಯುವ ಪುಸ್ತಕದ ಹಾಳೆಗಿಂತ ದೊಡ್ಡದಾಗಿರಬೇಕು, ಎಳೆಯ ಮಗು ಬೆರಳಿನಿಂದಲ್ಲ, ಇಡೀ ತೋಳಿನಿಂದ ಬರೆಯುತ್ತದೆ. ಕಾಗದವಿಲ್ಲದ ದಿನ ಸೀಮೆಸುಣ್ಣವೂ ಪಡಸಾಲೆಯ ನೆಲವೂ ಇದ್ದೇ ಇವೆ.

ನಿಜವಾದ ಅಡ್ಡಿಯಿರುವುದು ವಾರ್ಷಿಕೋತ್ಸವದ ಪ್ರದರ್ಶನದಲ್ಲಿ. ಅಂದು ಶಾಲೆಗೆ ದಯಮಾಡಿಸುವ ಮಹನೀಯರ ಕಣ್ಣಿಗೆ ಅಂದವಾಗಿ ಕಾಣಬೇಕೆಂಬ ಆತುರದಿಂದ ಮಕ್ಕಳ ಚಿತ್ರಗಳ ಮೇಲೆ ಗುರುಗಳ ಕೈ ಆಡುತ್ತದೆ. ಅಂಚು ನೇರವಾಗುತ್ತದೆ, ಮುಖಕ್ಕೆ ಮೂಗು ಬರುತ್ತದೆ, ಮಗುವಿನ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಆ ನುಣುಪನ್ನು ಮೆಚ್ಚಿ ಬಹುಮಾನ ಕೊಡುತ್ತಾರೆ. ಶಾಲೆಯು ಮರುವರ್ಷ ಅದನ್ನೇ ಇನ್ನಷ್ಟು ನುಣುಪಾಗಿಸುತ್ತದೆ. ಮೆಚ್ಚುಗೆ ಎತ್ತ ಹರಿಯುವುದೋ ಶಾಲೆಯ ಶ್ರಮವೂ ಅತ್ತಲೇ ಹರಿಯುವುದು ಸಹಜ. ಇದರಲ್ಲಿ ಗುರುಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಗೋಡೆಯ ಮೂಲಕ ಕಾಣುವ ಅವ್ವನ ಚಿತ್ರದ ಮುಂದೆ ಒಬ್ಬ ಹಿರಿಯರು ನಿಂತು, ಬರೆದ ಮಗುವನ್ನೇ ಕರೆದು ಅದರ ಕಥೆ ಕೇಳಿದರೆ, ಒಂದು ಬೆಳ್ಳಿಯ ಲೋಟದಿಂದ ಆಗದ ಕೆಲಸ ಆಗುತ್ತದೆ. ಹತ್ತು ಮಕ್ಕಳಿಗೆ ಬಹುಮಾನ ಹಂಚುವ ಹಣದಲ್ಲಿ ಇಡೀ ಶಾಲೆಗೆ ಕಾಗದ ತರಬಹುದೆಂಬುದನ್ನೂ ಲೆಕ್ಕ ಹಾಕಿ ನೋಡಬೇಕು.

ಮೊದಲು ಮಾಡಬೇಕಾದುದು ವೇಳಾಪತ್ರಿಕೆಯ ತಿದ್ದುಪಡಿ. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಹಂಚುವುದಕ್ಕೂ ಕೈ ತೊಳೆಯುವುದಕ್ಕೂ ಅರ್ಧ ವೇಳೆ ಹೋಗುತ್ತದೆ. ಶನಿವಾರದ ಕೊನೆಯನ್ನು ಬಿಟ್ಟು ವಾರದ ನಡುವೆ ಎರಡು ಅವಧಿಗಳನ್ನು ಜೋಡಿಸಿ ಕೊಟ್ಟರೆ, ಗಣಿತದವರು ಅದನ್ನು ಕಡವಾಗಿ ಕೇಳದಿದ್ದರೆ, ಮಕ್ಕಳು ಒಂದು ಕೆಲಸವನ್ನು ಆರಂಭಿಸಿ ಮುಗಿಸಬಲ್ಲರು. ಅದರೊಡನೆ ಬಾವಿಯ ಅಥವಾ ನಲ್ಲಿಯ ಹತ್ತಿರ ಒಂದು ಸಣ್ಣ ಕಲ್ಲಿನ ತೊಟ್ಟಿಯಾಗಬೇಕು. ಅದರಲ್ಲಿ ಹದ ಮಾಡಿದ ಮಣ್ಣನ್ನು ತುಂಬಿ, ಒಣಗದಂತೆ ಮೇಲೆ ಹಸಿ ಗೋಣಿಚೀಲ ಹೊದಿಸಿಟ್ಟರೆ, ಮಣ್ಣೆತ್ತಿನ ಅಮಾವಾಸ್ಯೆಯನ್ನು ಕಾಯದೆ ವರ್ಷವಿಡೀ ಎತ್ತು ಮಾಡಬಹುದು. ಹೊಸ ಸಭಾಭವನಕ್ಕೆ ಕಲ್ಲು ಕೊಡಲು ಮುಂದೆ ಬರುವ ದಾನಿಗಳಲ್ಲಿ ಒಬ್ಬರು ಈ ತೊಟ್ಟಿಯ ನಾಲ್ಕು ಕಲ್ಲುಗಳನ್ನು ವಹಿಸಿಕೊಂಡರೂ ಸಾಕು.