ಜಿಂಕೆಯ ಹಿಂದೆ ಹೋಗುವುದೂ ಒಂದು ವಿದ್ಯೆ

ಬಹಳ ವರ್ಷಗಳ ಹಿಂದಿನ ಮಾತು. ಹರಿಹರದಿಂದ ದಾವಣಗೆರೆಗೆ ಓದಲು ಬರುತ್ತಿದ್ದ ಹುಡುಗನೊಬ್ಬ, "ಸಾರ್, ನಾನು ಜಿಂಕೆಗಳ ವಿಷಯ ಓದಬೇಕು" ಎಂದ. "ಮೊದಲು ಹೊಟ್ಟೆಪಾಡಿನ ವಿದ್ಯೆ ಕಲಿ, ಜಿಂಕೆ ಆಮೇಲೆ" ಎಂದು ನಾನು ನಕ್ಕುಬಿಟ್ಟೆ. ನಮ್ಮೂರಿನ ಬುದ್ಧಿವಂತ ಮಕ್ಕಳಿಗೆ ನಾವು ತೋರಿಸುತ್ತಿದ್ದುದು ಎರಡೇ ದಾರಿ: ಇಂಜಿನಿಯರಿಂಗ್, ಇಲ್ಲವೇ ಮೆಡಿಕಲ್. ಅವನು ಇಂಜಿನಿಯರಾದ, ಚೆನ್ನಾಗಿಯೇ ಇದ್ದಾನೆ. ಆದರೆ ನನ್ನ ಉತ್ತರ ತಪ್ಪಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಆ ದಾರಿಯಲ್ಲಿ ನಡೆದವರು ನಮ್ಮ ನಾಡಿನಲ್ಲಿಯೇ ಇದ್ದರು. ಶಿವರಾಮ ಕಾರಂತರ ಪುತ್ರ ಡಾ. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬೇಸಾಯವನ್ನೂ ಮಾಡಿ, ಅನಂತರ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನ ಕಲಿತವರು. 1980ರ ದಶಕದಲ್ಲಿ ನಾಗರಹೊಳೆಯಲ್ಲಿ ಸಂಶೋಧನೆ ಆರಂಭಿಸಿದರು. 2012ರಲ್ಲಿ ಪದ್ಮಶ್ರೀ ಬಂದಿತು. ಲೋಕ ಅವರನ್ನು ಹುಲಿ ತಜ್ಞರೆಂದು ಬಲ್ಲದು. ಆದರೆ ಜಿಂಕೆ, ಕಡವೆ, ಕಾಟಿಗಳ ಎಣಿಕೆಯೇ ಅವರ ಅಧ್ಯಯನದ ತಳಹದಿ. ಕಾಡಿನಲ್ಲಿ ನೇರ ಗೆರೆ ಗುರುತಿಸಿಕೊಂಡು, ಅದರುದ್ದಕ್ಕೂ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿ ಗೆರೆಯಿಂದ ಎಷ್ಟು ದೂರವಿತ್ತೆಂದು ಬರೆದು, ಕಣ್ಣಿಗೆ ಬೀಳದವುಗಳನ್ನೂ ಗಣಿತದಿಂದ ಅಂದಾಜು ಮಾಡುವ ವಿಧಾನವದು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಹಾಗೆ ತಿಂದರೂ ಹಿಂಡು ಕರಗದಿರಲು ಕಾಡಿನಲ್ಲಿ ಸುಮಾರು 500 ಪ್ರಾಣಿಗಳಿರಬೇಕು. ಜಿಂಕೆ ಉಳಿಯದೆ ಹುಲಿ ಉಳಿಯದು, ಹುಲ್ಲು ಉಳಿಯದೆ ಜಿಂಕೆ ಉಳಿಯದು.

ನಾಗರಹೊಳೆ ದೂರವಾಯಿತೆನ್ನುವವರು ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋಗಲಿ. ಅಲ್ಲಿ 1974ರಲ್ಲಿ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗದ ಅಭಯಾರಣ್ಯವಾಯಿತು. ನಾವು ಜಿಂಕೆಯೆಂದೇ ಕರೆದರೂ ಕೃಷ್ಣಮೃಗದ ಕುಲ ಬೇರೆ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ, ಕೃಷ್ಣಮೃಗದ ತಿರುಚುಗೊಂಬು ಉದುರದು. ಅದಕ್ಕೆ ಬೇಕಾದುದು ಬಯಲು ಹುಲ್ಲುಗಾವಲು. ಅಲ್ಲಿ ಬೆಳೆಸಿದ್ದೋ ಬಹುಪಾಲು ನೀಲಗಿರಿ! ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ವನ್ಯಧಾಮವಾಯಿತು. ಗಂಡಿಗೆ ನಾಲ್ಕು ಕೊಂಬಿರುವ ಈ ನಾಚಿಕೆಯ ಪ್ರಾಣಿ ಭಾರತ, ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ.

ಇಂಥ ನೆಲವನ್ನು ನಾವು 'ಬಂಜರು' ಎನ್ನುತ್ತೇವೆ. ವನಮಹೋತ್ಸವದ ದಿನ ಎಲ್ಲಿ ಬಯಲು ಕಂಡರೂ ಗಿಡ ನೆಡಬೇಕೆಂದು ನಾನೇ ನಿಮಗೆ ಬೋಧಿಸಿದ್ದೆನಲ್ಲ! ಎಲ್ಲಿ ಮರ ಬೇಕು, ಎಲ್ಲಿ ಹುಲ್ಲನ್ನು ಹುಲ್ಲಾಗಿಯೇ ಬಿಡಬೇಕು ಎಂಬುದನ್ನು ಹೇಳಲು ಒಳ್ಳೆಯ ಮನಸ್ಸು ಸಾಲದು. ವರ್ಷಗಟ್ಟಲೆ ಬಿಸಿಲಿನಲ್ಲಿ ನಡೆದು, ಹಿಕ್ಕೆ ನೋಡಿ, ಹೆಜ್ಜೆ ನೋಡಿ ಕಲಿತವರು ಬೇಕು.

ಈಚೆಗೆ ಅದೇ ಶಿಷ್ಯ ಫೋನು ಮಾಡಿದ್ದ. ಅವನ ಮಗಳಿಗೂ ಅದೇ ಹಂಬಲವಂತೆ. "ಏನು ಹೇಳಲಿ ಸಾರ್?" ಎಂದ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗವಿದೆ ಎಂದೆ. ಸಂಬಳ ಕಡಿಮೆಯಿರಬಹುದು, ಅಲೆದಾಟ ಹೆಚ್ಚು, ಅದನ್ನೂ ಮುಚ್ಚಿಡದೆ ಹೇಳಿ, "ಮಗುವನ್ನು ತಡೆಯಬೇಡಪ್ಪ" ಎಂದೆ. ಮಕ್ಕಳನ್ನು ಓದಿಸುತ್ತಿರುವ ನಿಮ್ಮೆಲ್ಲರಲ್ಲಿಯೂ ನನ್ನ ವಿನಂತಿ ಅಷ್ಟೇ.