ಖಾತೆ ತೆಗೆದು ನೋಡಿದ ಮೇಲೆ



ಈ ತಿಂಗಳ ವಿಷಯ ಮನೆಯಲ್ಲಿ ಗಟ್ಟಿಯಾಗಿ ಆಡುವಂಥದ್ದಲ್ಲ. ಆದರೆ ಮಕ್ಕಳ ರಕ್ಷಣೆಯ ಮಾತು, ಬರೆಯದೆ ಇರಲಾಗದು.

ನಮ್ಮ ಓಣಿಯವನೊಬ್ಬ ಸಣ್ಣ ಮಗುವಿಗೆ ಮಾಡಬಾರದ್ದನ್ನು ಮಾಡಿ ಜೈಲಿಗೆ ಹೋಗಿದ್ದ. ಶಿಕ್ಷೆ ಮುಗಿಯುತ್ತ ಬಂದಿದೆ. ಅವನ ತಾಯಿ ಬಂದು ನನ್ನ ಗಾದಿಯ ಮುಂದೆ ಕುಳಿತಳು. "ಸಾವಕಾರ್ರ, ಅಂಗಡ್ಯಾಗ ಏನರೆ ಕೆಲಸಾ ಕೊಡ್ರಿ" ಎಂದಳು. ಮನೆಯಲ್ಲಿ ಹೇಳಿದಾಗ ನಮ್ಮವರು, "ಸಾಲಿ ಬಿಟ್ಟ ಮ್ಯಾಲ ಮೊಮ್ಮಕ್ಕಳು ಅಂಗಡಿಗೇ ಬರ್ತಾವ, ಮರತ್ರೇನ್ರಿ?" ಎಂದರು. ಇಬ್ಬರ ಮಾತೂ ನಿಜ.

ಜೈಲಿನಲ್ಲಿ ಮನೋವೈದ್ಯರು ತಿದ್ದಿದರೆ ಇಂಥವರು ಸರಿಹೋಗುವುದಿಲ್ಲವೇ ಎಂದು ಮನಶ್ಶಾಸ್ತ್ರ ಓದಿದ ನನ್ನ ತಮ್ಮನ ಮಗಳನ್ನು ಕೇಳಿದೆ. ಅವಳು ಇಂಗ್ಲೆಂಡಿನ ಲೆಕ್ಕ ಹೇಳಿದಳು. ಅಲ್ಲಿಯ ಜೈಲುಗಳಲ್ಲಿ 1990ರ ದಶಕದ ಆರಂಭದಿಂದ ಇಂಥ ಅಪರಾಧಿಗಳನ್ನು ಗುಂಪಾಗಿ ಕೂರಿಸಿ, ಅಪರಾಧದ ಬಗ್ಗೆ ಮಾತಾಡಿಸಿ, ಮನಸ್ಸು ತಿದ್ದುವ ಕಾರ್ಯಕ್ರಮ ನಡೆಯಿತು. ಉದ್ದೇಶ ಒಳ್ಳೆಯದೇ. 2017ರಲ್ಲಿ ಸರಕಾರವೇ ಲೆಕ್ಕ ಪ್ರಕಟಿಸಿತು. ಕಾರ್ಯಕ್ರಮಕ್ಕೆ ಸೇರಿದ 2,562 ಜನರನ್ನು ಸೇರದ 13,219 ಜನರೊಡನೆ ಹೋಲಿಸಿ, ಸರಾಸರಿ ಎಂಟು ವರ್ಷ ನೋಡಿದರು. ಸೇರಿದವರಲ್ಲಿ ನೂರಕ್ಕೆ 10 ಜನ ಮತ್ತೆ ಅದೇ ಬಗೆಯ ಅಪರಾಧ ಮಾಡಿದ್ದರು. ಸೇರದವರಲ್ಲಿ 8 ಜನ! ಒಬ್ಬರ ಕಥೆ ಒಬ್ಬರು ಕೇಳುತ್ತ ತಪ್ಪು ತಪ್ಪೆನಿಸದೆ ಹೋಗಿರಬಹುದು ಎಂದು ವರದಿ ಊಹಿಸಿತು. ಕಾರ್ಯಕ್ರಮ ನಿಲ್ಲಿಸಿ ಬೇರೆ ಎರಡನ್ನು ತಂದರು. ನಷ್ಟವನ್ನು ಮುಚ್ಚಿಡದೆ ಖಾತೆಗೆ ಬರೆದದ್ದು ದೊಡ್ಡದು. ಆದರೆ ಇಪ್ಪತ್ತೈದು ವರ್ಷಕ್ಕೆ ಇಂಥ ಲೆಕ್ಕ ಹೊರಬಂದದ್ದು ಬಹಳ ತಡವಾಯಿತು.

ಹಾಗಾದರೆ ಏನೂ ಫಲಿಸುವುದಿಲ್ಲವೇ? 1994ರಲ್ಲಿ ಕೆನಡಾದ ಹ್ಯಾಮಿಲ್ಟನ್ ಊರಿಗೆ ಇಂಥವನೊಬ್ಬ ಬಿಡುಗಡೆಯಾಗಿ ಬಂದಾಗ ಜನ ರೊಚ್ಚಿಗೆದ್ದರು. ಹ್ಯಾರಿ ನೈ ಎಂಬ ಪಾದ್ರಿ ಕೆಲವು ಸ್ವಯಂಸೇವಕರನ್ನು ಕೂಡಿಸಿ ಅವನ ಸುತ್ತ ಒಂದು ಬಳಗ ಕಟ್ಟಿದರು. ಆ ಬಳಗ ಅವನಿಗೆ ಆಸರೆಯೂ ಹೌದು, ಕಾವಲೂ ಹೌದು. ಅದೇ ಪದ್ಧತಿಯನ್ನು ಅಮೆರಿಕದ ಮಿನ್ನೆಸೋಟಾದಲ್ಲಿ ಚೀಟಿ ಎತ್ತಿದಂತೆ ಜನರನ್ನು ಎರಡು ಪಾಲು ಮಾಡಿ ಪರೀಕ್ಷಿಸಿದರು. 2018ರ ವರದಿಯಂತೆ, ಬಳಗವಿದ್ದವರು ಅಂಥ ಅಪರಾಧಕ್ಕೆ ಮತ್ತೆ ಬಂಧನಕ್ಕೊಳಗಾಗುವ ಅಪಾಯ ನೂರಕ್ಕೆ 88ರಷ್ಟು ಇಳಿದಿತ್ತು. ಪರೀಕ್ಷೆ ಚಿಕ್ಕದು, ಆದರೆ ಲೆಕ್ಕ ಶುದ್ಧ.

ನಾವು ಮಾಡಿದ್ದಿಷ್ಟು. ಅವನಿಗೆ ಊರ ಹೊರಗಿನ ಗೋದಾಮಿನಲ್ಲಿ ಕೆಲಸ; ಅಂಗಡಿಯಲ್ಲಲ್ಲ. ಓಣಿಯ ನಾಲ್ವರು ಹಿರಿಯರು ವಾರಕ್ಕೊಮ್ಮೆ ಅವನನ್ನು ಕಾಣುವುದು. ಮಕ್ಕಳಿರುವಲ್ಲಿ ಅವನು ಒಬ್ಬನೇ ಇರಕೂಡದು. ಮನೋವೈದ್ಯರ ಬಳಿ ತಪ್ಪದೆ ಹೋಗಬೇಕು. ಏನಾದರೂ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು. 2012ರ ಪೋಕ್ಸೋ ಕಾಯದೆಯಂತೆ ಅದು ತಿಳಿದವರೆಲ್ಲರ ಕರ್ತವ್ಯ, ಮುಚ್ಚಿಟ್ಟರೆ ನಾವೂ ಅಪರಾಧಿಗಳೇ. ತಾಯಿ ಎಲ್ಲಕ್ಕೂ ಒಪ್ಪಿದ್ದಾಳೆ.

ದಯೆ ಬೇಕು, ಎಚ್ಚರವೂ ಬೇಕು. ಬಾಗಿಲು ಮುಚ್ಚಿ ಓಡಿಸಿದರೆ ಅವನು ಗುರುತಿಲ್ಲದ ಇನ್ನೊಂದು ಊರಿಗೆ ಹೋಗುತ್ತಾನೆ. ಅಲ್ಲಿಯೂ ಮಕ್ಕಳಿದ್ದಾರೆ.